ಕೊಳ್ಳುವವರಿಗೂ ಮಾರುವವರಿಗೂ ಒಬ್ಬರೇ ತಕ್ಕಡಿ ಅಕ್ಕ

ಸೂರ್ಯ ಈಗಷ್ಟೇ ಎದುರು ಕಟ್ಟಡದ ತಲೆಯ ಮೇಲಿಂದ ಇಣುಕಿದ್ದಾನೆ. ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯ ಅಂಗಡಿಗಳ ಶಟರ್ ಇನ್ನೂ ಮೇಲೆದ್ದಿಲ್ಲ. ಕಸ ಗುಡಿಸುವವರ ಪೊರಕೆಯ ಸದ್ದೊಂದೇ ಸದ್ದು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಮಡಚುವ ಮೇಜು ಹಾಕಿಕೊಂಡು ಕೂತ ಮಹಿಳೆಯೊಬ್ಬರು, ಟ್ಯಾಬ್ಲೆಟ್ಟೊಂದನ್ನು ಎರಡೂ ಕೈಯಲ್ಲಿ ಹಿಡಿದು, ಮೊರದಲ್ಲಿ ಅಕ್ಕಿ ಕೇರುವ ಹಾಗೆ ಆಚೆ ಈಚೆ ವಾಲಿಸುತ್ತಿದ್ದಾರೆ. ಗಾಜಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಈ ಓರೆ ಬಿಸಿಲಿಗೆ ಸಿಕ್ಕಿಬೀಳಲೇಬೇಕು.

"ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಚೆಂದಾನೇ ಕಾಣುತ್ತೆ. ಬೆಳಗಿನ ಬಿಸಿಲು ಮಾತ್ರ ಯಾರ ಮುಲಾಜೂ ನೋಡಲ್ಲ," ಅನ್ನುತ್ತಾರೆ.

ಬೆರಳನ್ನು ಪರದೆಯ ಮೂಲೆಮೂಲೆಗೂ ಓಡಿಸುತ್ತಾರೆ. ಚಾರ್ಜರ್ ಸಿಕ್ಕಿಸುವ ತೂತಿಗೆ ಟಾರ್ಚ್ ಬಿಡುತ್ತಾರೆ. ಆಮೇಲೆ ಟ್ಯಾಬ್ಲೆಟ್ಟಿಗೆ ಮುಖ ಕೊಟ್ಟು, "ತಿಂಡಿ ಆಯ್ತಾ?" ಎಂದು ಕೇಳಿ, ರೆಕಾರ್ಡಾದ ತಮ್ಮ ದನಿಯನ್ನೇ ತಲೆಯಾಡಿಸುತ್ತ ಕೇಳಿಸಿಕೊಳ್ಳುತ್ತಾರೆ. ಮೈಕು, ಸ್ಪೀಕರು ಎರಡೂ ಪಾಸು.

ಮಾರುಕಟ್ಟೆಯಲ್ಲಿ ಎಲ್ಲರ ಬಾಯಲ್ಲೂ ಇವರು 'ತಕ್ಕಡಿ ಅಕ್ಕ'. ಇವರು ಏನನ್ನೂ ಮಾರುವುದಿಲ್ಲ, ಕೊಳ್ಳುವುದಿಲ್ಲ. ಬಳಸಿದ ಫೋನು, ಟ್ಯಾಬ್ಲೆಟ್ಟು, ಲ್ಯಾಪ್‌ಟಾಪುಗಳಿಗೆ ನ್ಯಾಯವಾದ ಬೆಲೆ ಹೇಳುತ್ತಾರೆ, ಅಷ್ಟೆ. ದಿನಕ್ಕೆ ಹತ್ತು ಹನ್ನೆರಡು ಜೋಡಿ ಬರುತ್ತವೆ: ಮಾರುವವರೊಬ್ಬರು, ಕೊಳ್ಳುವವರೊಬ್ಬರು. ಇಬ್ಬರಿಂದಲೂ ಸಮಸಮ ಕೂಲಿ. ವ್ಯಾಪಾರ ಕುದುರಲಿ, ಮುರಿಯಲಿ, ಕೂಲಿ ಬದಲಾಗುವುದಿಲ್ಲ.

ಮೊದಲು ಇದೇ ಸಾಲಿನ ಒಂದು ಅಂಗಡಿಯಲ್ಲಿ ಹಳೆಯ ಸಾಮಾನು ಕೊಳ್ಳುವ ಕೌಂಟರಿನಲ್ಲಿದ್ದರು. ಮಾರಲು ಬಂದವರ ಮುಂದೆ ಮೂಗು ಮುರಿಯುವುದೇ ಅಲ್ಲಿನ ಕೆಲಸ. ಚೆನ್ನಾಗಿರುವುದನ್ನು ಚೆನ್ನಾಗಿಲ್ಲ ಎನ್ನಬೇಕು, ಕೊಡಬೇಕಾದ್ದರಲ್ಲಿ ಅರ್ಧ ಹೇಳಬೇಕು. ಅಕ್ಕನಿಗೆ ನಾಲಿಗೆ ಹೊರಳಲಿಲ್ಲ. ಗಿರಾಕಿಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಯಜಮಾನ್ರು ಕೆಟ್ಟೋರಲ್ಲ. 'ನೀನು ಇಲ್ಲಿದ್ರೆ ನನ್ನ ಅಂಗಡಿ ಮುಚ್ಚಬೇಕಾಗುತ್ತೆ ಕಣಮ್ಮಾ' ಅಂತ ನಗ್ತಾನೇ ಮನೆಗೆ ಕಳಿಸಿದ್ರು," ಎಂದು ಈಗ ಇವರೂ ನಗುತ್ತಾರೆ.

ಆಗ ನಗು ಬಂದಿರಲಿಲ್ಲ. ಮೆಟ್ಟಿಲ ಕೆಳಗೆ ಮೇಜು ಹಾಕಿದ ಹೊಸತರಲ್ಲಿ ಅಂಗಡಿಯವರು ಇವರನ್ನು ಕಣ್ಣಲ್ಲಿ ಬಿದ್ದ ಕಸದಂತೆ ಕಂಡರು. ಮೇಜು ಎತ್ತಿಸಿದರು, ಅಕ್ಕ ಮತ್ತೆ ತಂದು ಹಾಕಿದರು. ಒಬ್ಬರಂತೂ ತಮಗೆ ಅನುಕೂಲವಾಗುವಂತೆ ಬೆಲೆ ಹೇಳಿದರೆ ಗುಟ್ಟಾಗಿ ಕಮಿಷನ್ ಕೊಡುತ್ತೇವೆಂದರು, ಅಕ್ಕ ಒಪ್ಪಲಿಲ್ಲ. ಮನೆಯಲ್ಲಿ ಅತ್ತೆಯದು ಬೇರೆ ರಾಗ: "ಮಾರೋದಿಲ್ಲ, ಕೊಳ್ಳೋದಿಲ್ಲ. ಬರೀ ಬಾಯಲ್ಲಿ ಬೆಲೆ ಹೇಳಿದ್ರೆ ಯಾವ ಪುಣ್ಯಾತ್ಮ ದುಡ್ಡು ಕೊಡ್ತಾನೆ?" ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಗಂಡ ಮಾತ್ರ, "ನಡಿ, ನೋಡೋಣ" ಎಂದು ಮೇಜನ್ನು ತಲೆಯ ಮೇಲೆ ಹೊತ್ತು ತಂದರು. ಗಿರಾಕಿಗಳ ಜೊತೆ ಕಿತ್ತಾಡಿ ಸುಸ್ತಾದ ಅಂಗಡಿಯವರೇ ಒಬ್ಬೊಬ್ಬರಾಗಿ, "ಹೋಗಿ, ಅಕ್ಕನ್ನ ಕೇಳ್ಕೊಂಡು ಬನ್ನಿ" ಎಂದು ಕಳಿಸತೊಡಗಿದ ಮೇಲೆ ಮೇಜು ಅಲ್ಲೇ ಬೇರು ಬಿಟ್ಟಿತು. ಈಗ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಸೊಸೆಯ ಪ್ರಚಾರ ಮಾಡುವವರು ಅತ್ತೆಯೇ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ, ತಂದವರಿಗೆಲ್ಲ ತಮ್ಮ ವಸ್ತು ಚಿನ್ನ. ಅದರಲ್ಲೂ ಹೆಚ್ಚು ಬಳಸದ ವಸ್ತುವಿನ ಬೆಲೆ ಕಟ್ಟುವುದೇ ಕಷ್ಟ ಎನ್ನುತ್ತಾರೆ ಅಕ್ಕ. "ಮುಟ್ಟೇ ಇಲ್ಲ ಅಂತಾರೆ. ಮುಟ್ಟದೇ ಇದ್ರೂ ವಯಸ್ಸಾಗುತ್ತಲ್ಲ? ವಾರಂಟಿ ಕರಗುತ್ತೆ, ಬ್ಯಾಟರಿ ಸೊರಗುತ್ತೆ. ಆವತ್ತು ಎಷ್ಟಕ್ಕೆ ತಗೊಂಡ್ರಿ ಅನ್ನೋದನ್ನ ಮರೆತುಬಿಡಬೇಕು. ಅಂಥದ್ದೇ ಹೊಸದು ಇವತ್ತು ಎಷ್ಟಕ್ಕೆ ಸಿಗುತ್ತೆ? ಅಲ್ಲಿಂದ ಕೆಳಗಿಳಿಬೇಕು."

ಬೆಳಿಗ್ಗೆ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಒಡತಿ, ನಿವೃತ್ತ ನರ್ಸಮ್ಮ, ಅಂಗಡಿಗಳು ತೆರೆಯುವ ಹೊತ್ತಿಗೆ ಬರುತ್ತಾರೆ. ನಿನ್ನೆ ಸಂಜೆಯೇ ಪರೀಕ್ಷೆಗೆಂದು ಬಿಟ್ಟುಹೋಗಿದ್ದರು. ನಾಲ್ಕು ಹೆಜ್ಜೆ ಹಿಂದೆ ಪಕ್ಕದ ಮನೆಯ ಟೈಲರಕ್ಕ, ಕೊಳ್ಳುವವರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ವಾರದಿಂದ ಮಾತು ಬಿಟ್ಟಿದ್ದಾರೆ.

"ನಾಲ್ಕು ಸಾವಿರ ಸಾಕು ಅಂತ ಹೇಳಿ ಇವರಿಗೆ," ಎನ್ನುತ್ತಾರೆ ಮಾರುವ ನರ್ಸಮ್ಮ.

"ಹದಿನಾರಕ್ಕೆ ಒಂದು ಪೈಸೆ ಕಮ್ಮಿ ಕೊಡಲ್ಲ ಅಂತ ಹೇಳಿ," ಎನ್ನುತ್ತಾರೆ ಕೊಳ್ಳುವ ಟೈಲರಕ್ಕ.

ತಕ್ಕಡಿ ಅಕ್ಕ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಕಿವಿ ಕೆಟ್ಟಿಲ್ಲ, ಚೌಕಾಸಿಯೇ ತಲೆಕೆಳಗಾಗಿದೆ.

ವಿಷಯ ಹೀಗೆ. ಟ್ಯಾಬ್ಲೆಟ್ಟು ನರ್ಸಮ್ಮನಿಗೆ ಅಣ್ಣನ ಮಗಳು ಕೊಡಿಸಿದ್ದು. "ನನಗೆ ರೇಡಿಯೊ ಸಾಕಮ್ಮ. ಅದು ಮುಖ ತೋರಿಸು, ಬೆರಳು ತೋರಿಸು ಅನ್ನಲ್ಲ," ಎಂದು ಕಪಾಟಿನಲ್ಲಿಟ್ಟವರು ಮತ್ತೆ ತೆಗೆದಿಲ್ಲ. ಟೈಲರಕ್ಕನಿಗೆ ಗಿರಾಕಿಗಳು ಫೋನಿನಲ್ಲಿ ತೋರಿಸುವ ಉಡುಪಿನ ಚಿತ್ರಗಳು ಈಚೆಗೆ ಇರುವೆ ಸಾಲಿನಂತೆ ಕಾಣುತ್ತವೆ. ದೊಡ್ಡ ಪರದೆ ಬೇಕು. ಅಲ್ಲಿಯವರೆಗೆ ಸರಿ. ಆದರೆ ಕಾಯಿಲೆ ಬಿದ್ದಾಗ ಮನೆಗೇ ಬಂದು ಇಂಜೆಕ್ಷನ್ ಕೊಟ್ಟವರ ಹತ್ತಿರ ಅಗ್ಗಕ್ಕೆ ತೆಗೆದುಕೊಳ್ಳುವುದುಂಟೇ ಎಂದು ಇವರ ಹಟ. ಇಷ್ಟು ವರ್ಷ ಹೊಲಿಗೆಗೆ ಬಿಡಿಗಾಸು ಮುಟ್ಟದವರ ಹತ್ತಿರ ದುಡ್ಡು ಕೀಳುವುದುಂಟೇ ಎಂದು ಅವರ ಹಟ. ಹಟ ಬಲಿತು ಜಗಳವಾಗಿ, "ನನ್ನನ್ನೇನು ಭಿಕ್ಷೆಯವಳು ಅಂದ್ಕೊಂಡ್ರಾ?" "ನಾನೇನು ಬಡ್ಡಿ ವ್ಯಾಪಾರದವಳಾ?" ಎನ್ನುವಲ್ಲಿಗೆ ಮುಟ್ಟಿ ನಿಂತಿದೆ.

"ಹನ್ನೆರಡು ಸಾವಿರ," ಎನ್ನುತ್ತಾರೆ ಅಕ್ಕ.

"ಜಾಸ್ತಿ ಆಯ್ತು!" "ಕಮ್ಮಿ ಆಯ್ತು!" ಎರಡೂ ಒಟ್ಟಿಗೇ ಬರುತ್ತವೆ.

"ಕೂತ್ಕೊಳ್ಳಿ ಇಬ್ರೂ. ಹದಿನಾರು ಅನ್ನೋದು ಇವತ್ತು ಅಂಗಡಿಲಿ ಹೊಸದಕ್ಕೆ. ಇದರ ವಾರಂಟಿ ಅರ್ಧ ಹೋಗಿದೆ, ಡಬ್ಬ ಇಲ್ಲ, ಅದಕ್ಕೆ ಇಳಿಸಿದೆ. ಗೀರಿಲ್ಲ, ಬ್ಯಾಟರಿ ಗಟ್ಟಿಯಿದೆ, ಅದಕ್ಕೆ ಹನ್ನೆರಡಕ್ಕೇ ನಿಲ್ಲಿಸಿದೆ." ಆಮೇಲೆ ದನಿ ತಗ್ಗಿಸುತ್ತಾರೆ. "ನರ್ಸಮ್ಮ, ನೀವು ನಾಲ್ಕಕ್ಕೆ ಕೊಟ್ರೆ ಇವರು ಅದನ್ನ ಆನ್ ಮಾಡಿದಾಗೆಲ್ಲ ನಿಮ್ಮ ಹಂಗು ನೆನಪಾಗುತ್ತೆ. ಟೈಲರಕ್ಕ, ನೀವು ಹದಿನಾರು ಕೊಟ್ರೆ ಇವರಿಗೆ ನಿಮ್ಮ ಮನೆ ಬಾಗಿಲಿಗೆ ಬರೋಕೆ ಸಂಕೋಚ. ಪ್ರೀತಿನ ಬೆಲೆಯೊಳಗೆ ಸೇರಿಸ್ಬೇಡಿ. ಅದು ಹೊರಗೇ ಇರಲಿ."

ನರ್ಸಮ್ಮ ಮುಖ ಆಚೆ ತಿರುಗಿಸಿಕೊಂಡೇ "ಹೂಂ" ಎನ್ನುತ್ತಾರೆ. ಟೈಲರಕ್ಕ ಮುಖ ಊದಿಸಿಕೊಂಡೇ ಪರ್ಸು ತೆರೆಯುತ್ತಾರೆ.

ಕೊನೆಯದಾಗಿ ಟ್ಯಾಬ್ಲೆಟ್ಟಿನಿಂದ ನರ್ಸಮ್ಮನ ಖಾತೆ ಅಳಿಸಬೇಕು. ಅದಕ್ಕೆ ಪಾಸ್‌ವರ್ಡ್ ಬೇಕು. ನರ್ಸಮ್ಮನಿಗೆ ಗೊತ್ತಿಲ್ಲ, ಹಾಕಿದವಳು ಅಣ್ಣನ ಮಗಳು. ಫೋನ್ ಹಚ್ಚಿ ಸ್ಪೀಕರಿಗೆ ಹಾಕುತ್ತಾರೆ. ಆ ಕಡೆ ಹುಡುಗಿ ತಡವರಿಸುತ್ತಾಳೆ. "ಅತ್ತೆ, ಬೈಬೇಡಿ ಮತ್ತೆ. ಚಿಕ್ಕವರಿದ್ದಾಗ ನಾವೆಲ್ಲ ನಿಮಗೆ ಇಟ್ಟಿದ್ದ ಹೆಸರು. 'ಸೂಜಿಅತ್ತೆ'. ಅದೇ ಪಾಸ್‌ವರ್ಡು."

ನರ್ಸಮ್ಮನ ಮುಖ ಕೆಂಪಾಗುತ್ತದೆ. ಟೈಲರಕ್ಕನ ಭುಜ ಮೊದಲು ಅಲುಗುತ್ತದೆ, ಆಮೇಲೆ ಹೊಟ್ಟೆ, ಆಮೇಲೆ ಕಟ್ಟಿಟ್ಟಿದ್ದ ನಗೆಯೆಲ್ಲ ಒಡೆದು ಬರುತ್ತದೆ. "ನನ್ನ ಖಾತೆಗೂ ಅದೇ ಪಾಸ್‌ವರ್ಡ್ ಇರಲಿ! ಜೀವಮಾನವಿಡೀ ಸೂಜಿ ಹಿಡಿದವಳು ನಾನೂ ಅಲ್ವಾ?" ನರ್ಸಮ್ಮ ತಡೆದುಕೊಳ್ಳಲು ನೋಡಿ ಸೋಲುತ್ತಾರೆ. ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಕಣ್ಣೊರೆಸಿಕೊಳ್ಳುವಷ್ಟು ನಗುತ್ತಾರೆ. ಎದುರಂಗಡಿಯವರು ಏನಾಯಿತೆಂದು ಹೊರಗೆ ಬರುತ್ತಾರೆ.

ಹನ್ನೆರಡು ಸಾವಿರ ಕೈ ಬದಲಾಗುತ್ತದೆ. ಬಸ್ಸಿನ ಟಿಕೆಟ್ ಯಾರು ತೆಗೆದುಕೊಳ್ಳಬೇಕೆಂದು ಹೊಸ ಜಗಳ ಶುರುಮಾಡಿಕೊಂಡು ಗೆಳತಿಯರಿಬ್ಬರೂ ಜನಸಂದಣಿಯಲ್ಲಿ ಮರೆಯಾಗುತ್ತಾರೆ.

ಅಷ್ಟರಲ್ಲಿ ಮುಂದಿನ ಜೋಡಿ ಮೇಜಿನ ಮುಂದೆ ನಿಂತಿದೆ. ಊರವರ ವಸ್ತುಗಳನ್ನೆಲ್ಲ ಅಳೆದು ತೂಗುವ ನಿಮಗೆ ನಿಮ್ಮದೆಂದು ಏನಾದರೂ ಆಸೆಯಿದೆಯೇ ಎಂದು ಕೇಳಿದರೆ, ತಕ್ಕಡಿ ಅಕ್ಕ ಸ್ವಲ್ಪ ನಾಚಿಕೊಳ್ಳುತ್ತಾರೆ.

"ಇಲ್ಲೀವರೆಗೂ ನಾನು ಬಳಸಿದ್ದೆಲ್ಲ ಎರಡನೇ ಕೈದು. ಒಂದೇ ಒಂದು ಸಲ ಹೊಸದು ತಗೋಬೇಕು. ಪರದೆ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರಲ್ಲ, ಅದನ್ನ ಮೂಲೆ ಹಿಡಿದು ಚರ್ ಅಂತ ನಾನೇ ಕೀಳ್ಬೇಕು. ಆಮೇಲೆ?" ಮುಂದಿನವರ ಫೋನಿಗೆ ಕೈ ಚಾಚುತ್ತ, ಮುಖ ತುಂಬ ನಗುತ್ತಾರೆ. "ಆಮೇಲೆ ಅದು ಪುಡಿಯಾಗೋವರೆಗೂ ಬಳಸ್ತೀನಿ. ಬೆಲೆ ಕಟ್ಟೋಕೆ ಯಾರ ಕೈಗೂ ಕೊಡಲ್ಲ!"