ಕಪ್ಪು ಎರಡು, ಬಿಳಿ ಎರಡು

ಊಟದ ಪಂಕ್ತಿಯಲ್ಲಿ ಆಡಿದ ಮಾತು ಎಲೆಯೊಂದಿಗೆ ಮಡಚಿಹೋಗುತ್ತದೆಂದು ಹಲವರು ನಂಬಿದ್ದಾರೆ. ನನ್ನ ಎಲೆ ಇನ್ನೂ ತೆರೆದೇ ಇದೆ.

ಬ್ರಹ್ಮಾವರದ ಒಂದು ಮದುವೆಯಲ್ಲಿ, ಪಾಯಸಕ್ಕೂ ಮಜ್ಜಿಗೆಗೂ ನಡುವೆ, ನನ್ನ ತಂಗಿಯ ಗಂಡ, ಬೈಂದೂರಿನ ಭಾವ, ತೀರಿಹೋದ ನಮ್ಮ ಅಣ್ಣನ ಕುರಿತು ಪಂಕ್ತಿಗೆಲ್ಲ ಕೇಳುವಂತೆ ಹೇಳಿದ: "ದೊಡ್ ಭಾವ ಕಡೀಗ್ ಕಡೀಗೆ ಎಂತ ಹಾಡುದು? ಕಪ್ಪು ಎರಡ್ರಿಂದ ಬಿಳಿ ಎರಡಕ್ಕೆ ಇಳ್ದಾಯ್ತಲೆ."

ಅಣ್ಣ ಯಕ್ಷಗಾನದ ಭಾಗವತ. ಹಾರ್ಮೋನಿಯಮ್ಮಿನ ಎರಡನೆಯ ಕಪ್ಪು ಪಟ್ಟಿ, ಅಂದರೆ ಕಪ್ಪು ಎರಡನೆಯ ಮನೆ, ಅವನ ಶ್ರುತಿ. ಬಿಳಿ ಎರಡು ಅದಕ್ಕಿಂತ ಒಂದೇ ಮನೆ ಕೆಳಗೆ. ಆ ಒಂದು ಮನೆಯಲ್ಲಿ ಅವನ ಮರ್ಯಾದೆಯೆಲ್ಲ ಇತ್ತು. ಪಂಕ್ತಿ ನಕ್ಕಿತು. ಯಾರು ಯಾರೆಂದು ಈಗಲೂ ಹೇಳಬಲ್ಲೆ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ನಿವೃತ್ತನಾದ ಮೇಲೆ ಸಾಕ್ಷ್ಯ ಹುಡುಕಲು ಹೊರಟೆ. ಅವನ ಕಡೆಗಾಲದ್ದೆಂದು ಉಳಿದದ್ದು ತೊಂಬತ್ತೇಳರಲ್ಲಿ ಬಾರ್ಕೂರಿನ ಬಯಲಾಟದಲ್ಲಿ ತುಂಬಿಕೊಂಡ ಒಂದೇ ಕ್ಯಾಸೆಟ್. ಅದರಲ್ಲಿ ಅಣ್ಣನಿಗಿಂತ ಹೆಚ್ಚಾಗಿ ಚೆಂಡೆ, ಕೆಮ್ಮು, ಯಾರದೋ ಮಗುವಿನ ಅಳು. ಗದ್ದಲದೊಳಗಿನ ಕಂಪನಗಳನ್ನು ಗಣಕಯಂತ್ರದಲ್ಲಿ ಬೇರ್ಪಡಿಸುವುದೆಂದರೆ, ಕುದಿದು ಒಂದಾದ ಹುಳಿಯನ್ನು ಸವಿದು ಯಾವ ತರಕಾರಿ ಎಷ್ಟು ಬಿದ್ದಿದೆಯೆಂದು ಹೇಳಿದಂತೆ. ಧ್ವನಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಸರಾಸರಿ ತೆಗೆದರೆ ಗದ್ದಲ ತಗ್ಗುತ್ತದೆ. ಆದರೆ ನಕ್ಷೆಯಲ್ಲಿ ಸ್ವರಗಳು ಎಬ್ಬಿಸುವ ಶಿಖರಗಳೂ ಸವೆದು, ಕಪ್ಪು ಬಿಳಿಗಳು ಒಂದೇ ಗುಡ್ಡವಾಗುತ್ತವೆ. ತುಂಡು ಉದ್ದವಾದರೆ ಶಿಖರ ಚೂಪಾಗುತ್ತದೆ; ಗದ್ದಲವೂ ಮುಳ್ಳುಹಂದಿಯಂತೆ ಎದ್ದು ನಿಲ್ಲುತ್ತದೆ. ಮನುಷ್ಯನ ಉಸಿರು ಮಾತ್ರ ನಮ್ಮ ಲೆಕ್ಕಕ್ಕೆ ಬೇಕಾದಷ್ಟು ಉದ್ದವಿರುವುದಿಲ್ಲ.

ಕಡೆಗೂ ಅಣ್ಣ ಸಿಕ್ಕಿದ. ಬಿಳಿ ಎರಡರಲ್ಲಿ.

ನಾನು ಸೋಲಲಿಲ್ಲ. ಅದೇ ಕ್ಯಾಸೆಟ್ಟಿನಲ್ಲಿ ಮೈಕಿನ ಗುಂಯ್ ಎಂಬ ಸದ್ದಿತ್ತು. ಅದು ಕರೆಂಟಿನ ಸ್ವರ. ಸೆಕೆಂಡಿಗೆ ಐವತ್ತು ಕಂಪನ ಇರಬೇಕಾದದ್ದು, ನಲವತ್ತೇಳಕ್ಕೆ ನಿಂತಿತ್ತು. ಟೇಪು ನಿಧಾನವಾಗಿ ಓಡಿ ಅದನ್ನು ತಗ್ಗಿಸಿದ್ದರೆ ಅಣ್ಣನನ್ನೂ ಅಷ್ಟೇ ತಗ್ಗಿಸಿದೆ, ಅಂದರೆ ಅವನು ಹಾಡಿದ್ದು ಕಪ್ಪು ಎರಡರಲ್ಲೇ. ಅಂದು ಕರೆಂಟೇ ಸೊರಗಿ ನಲವತ್ತೇಳರಲ್ಲಿ ಮಿಡಿಯುತ್ತಿದ್ದರೆ ಭಾವನ ಮಾತು ನಿಜ. ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿಯ ಹಿರಿಯ ನೌಕರರು ನನ್ನನ್ನು ಕನಿಕರದಿಂದ ನೋಡಿದರು: "ಮಾಷ್ಟ್ರೆ, ಆ ವರ್ಷ ಕರೆಂಟ್ ಇದ್ದದ್ದೇ ದೊಡ್ಡದ್. ನೀವ್ ಅದ್ರ ಶ್ರುತಿ ಕೇಂತ್ರ್ಯಲೆ."

ಅಳೆಯುವ ಕೋಲೇ ಸಂಶಯಾಸ್ಪದವಾದ ಮೇಲೆ ಶಾಸ್ತ್ರಕ್ಕೆ ಮಾಡಲು ಏನೂ ಉಳಿದಿರಲಿಲ್ಲ. ಸಂಶಯದ ಲಾಭವನ್ನಾದರೂ ಅಣ್ಣನಿಗೆ ಕೊಡಿಸೋಣವೆಂದು ಕ್ಯಾಸೆಟ್ ಹಿಡಿದು ಬೈಂದೂರಿಗೆ ಹೋದೆ. ಭಾವ ಕಣ್ಣು ಮುಚ್ಚಿ ಕೇಳಿದ.

"ಎಂಥಾ ಸ್ವರ ಕಾಣಿ ಭಾವ. ಹೀಂಗ್ ಹಾಡುವರ್ ಈಗ ಯಾರಿದ್ರ್?"

"ಶ್ರುತಿ ಇಳಿಯಿತೆಂದವನು ನೀನೇ," ಎಂದೆ.

"ನಾನಾ? ಯಾವಾಗ?" ಅವನು ನಿಜವಾಗಿಯೂ ಯೋಚಿಸಿದ. "ನಂಗ್ ನೆನ್ಪೇ ಇಲ್ಲ ಮಾರಾಯ್ರೆ. ಊಟಕ್ ಕೂತಾಗ ಬಾಯಿಗ್ ಬಂದದ್ ಹೇಳಿಪ್ಪೆ. ಚಾ ಕುಡಿನಿ."

ಪಂಕ್ತಿಯಲ್ಲಿ ನಕ್ಕವರಲ್ಲಿ ಅರ್ಧ ಜನ ಈಗಿಲ್ಲ. ಉಳಿದವರನ್ನು ಕೇಳಿದರೂ ಇದೇ ಉತ್ತರ ಬರುವುದೆಂದು ಚಹಾ ಕುಡಿಯುತ್ತಿರುವಾಗ ಹೊಳೆಯಿತು. ನನ್ನ ಅಣ್ಣ ಮುಪ್ಪಿನಲ್ಲಿ ಒಂದು ಮನೆ ಇಳಿದು ಹಾಡಿದನೆಂಬ ಅಪವಾದವನ್ನು ಇಷ್ಟು ವರ್ಷ, ಒಂದಕ್ಷರ ತಪ್ಪದೆ, ಈ ಭೂಮಿಯ ಮೇಲೆ ಉಳಿಸಿಕೊಂಡು ಬಂದವನು ನಾನೊಬ್ಬನೇ.