ಏಳನೇ ಪುಟದ ಮಂತ್ರಿ

ದುಬೈಯ ಅಲ್ ಮುರಕ್ಕಬಾತಿನ ಹಿಂಬದಿ ಗಲ್ಲಿಯ ಒಂದು ಮುದ್ರಣಾಲಯದಲ್ಲಿ ಮುಝಮ್ಮಿಲ್ ಇಪ್ಪತ್ತಾರು ವರ್ಷಗಳಿಂದ ಕೆಲಸಕ್ಕಿದ್ದಾರೆ. ಊರು ಪಾಣೆಮಂಗಳೂರು. ಹದಿನೇಳರ ಪ್ರಾಯದಲ್ಲಿ ಮಂಗಳೂರು ಬಂದರಿನ ಸಣ್ಣ ಪ್ರೆಸ್ಸೊಂದರಲ್ಲಿ ಅಚ್ಚುಮೊಳೆ ಜೋಡಿಸಲು ಕಲಿತವರು. ಈಗ ಮೊಳೆಯೂ ಇಲ್ಲ, ಕೈಗೆ ಮಸಿಯೂ ಇಲ್ಲ. ಗಿರಾಕಿಗಳು ಕಳಿಸಿದ ಪುಟಗಳನ್ನು ಕಂಪ್ಯೂಟರಿನಲ್ಲಿ ಕೊನೆಯ ಸಲ ನೋಡಿ, ಅಚ್ಚಿನ ಪ್ಲೇಟಿಗೆ ಇಳಿಸಿ, ಮೆಷಿನ್ನಿನವರಿಗೆ ಕೊಡುವುದಷ್ಟೇ ಕೆಲಸ. ಅವರ ಕಣ್ಣು ತಪ್ಪಿಸಿ ತಪ್ಪೊಂದು ದಾಟಿ ಹೋಗುವುದು ಕಷ್ಟ. ಒಮ್ಮೆ ಮದುವೆ ಕಾಗದವೊಂದರಲ್ಲಿ ವರನ ಜಾಗದಲ್ಲಿ ವರನ ತಂದೆಯ ಹೆಸರು ಬಿದ್ದಿದ್ದನ್ನು ಹಿಡಿದದ್ದಕ್ಕೆ ಎರಡೂ ಮನೆಯವರಿಂದ ಬಿರಿಯಾನಿ ಬಂದಿತ್ತು. ಆ ಕಥೆಯನ್ನು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು.

ಅವರ ಖಾಯಂ ಗಿರಾಕಿಗಳಲ್ಲಿ ಒಬ್ಬಳು ನೀಮಾ. ಪೂರ್ವ ಆಫ್ರಿಕಾದ ಒಂದು ದೇಶದಲ್ಲಿ ಮಾಸಪತ್ರಿಕೆ ನಡೆಸುವ, ಐವತ್ತರ ಆಸುಪಾಸಿನ ಹೆಂಗಸು. ಆ ದೇಶದ ಹೆಸರನ್ನು ಯಾರಿಗೂ ಹೇಳುವುದಿಲ್ಲವೆಂದು ಮುಝಮ್ಮಿಲ್ ಆಮೇಲೆ ಮಾತು ಕೊಟ್ಟದ್ದರಿಂದ ಇಲ್ಲಿಯೂ ಅದು ಬೇಡ. ಅಲ್ಲಿಗಿಂತ ದುಬೈಯಲ್ಲಿ ಅಚ್ಚು ಚಂದ ಬರುತ್ತದೆಂದು ಪುಟಗಳನ್ನು ಇಲ್ಲಿಗೆ ಕಳಿಸುತ್ತಿದ್ದಳು. ಬಂಡಲುಗಳು ವಿಮಾನದಲ್ಲಿ ಹೋಗುತ್ತಿದ್ದವು. ಎರಡು ತಿಂಗಳಿಗೊಮ್ಮೆ ತಾನೇ ಬಂದು ನೈಫ್ ಮಾರ್ಕೆಟ್ಟಿನಲ್ಲಿ ಬಟ್ಟೆ ಖರೀದಿ ಮುಗಿಸಿ, ಪ್ರೆಸ್ಸಿಗೂ ಬಂದು ಒಂದು ಸುಲೈಮಾನಿ ಚಹಾ ಕುಡಿದು ಹೋಗುವಳು. ಇಬ್ಬರ ನಡುವೆ ಹಿಂದಿ, ಇಂಗ್ಲಿಷ್, ಅರಬಿ ಎಲ್ಲ ಕಲಸಿದ ದೇರಾ ಪೇಟೆಯ ಮಾತು.

ಪತ್ರಿಕೆ ಸ್ವಾಹಿಲಿಯಲ್ಲಿತ್ತು. ಮುಝಮ್ಮಿಲರಿಗೆ ಸ್ವಾಹಿಲಿ ಬಾರದು. ಆದರೆ ಅಲ್ಲಲ್ಲಿ ಪರಿಚಯದ ಶಬ್ದ ಸಿಗುತ್ತಿತ್ತು. ‘ಹಬಾರಿ’ ಎಂದರೆ ಖಬರು, ‘ಕಿತಾಬು’ ಎಂದರೆ ಕಿತಾಬು. ಹೀಗೆ ಹತ್ತು ಹದಿನೈದು ಶಬ್ದ ಗುರುತು ಸಿಕ್ಕಿದ ಮೇಲೆ, ತನಗೆ ಭಾಷೆಯೇ ಅರ್ಧ ತಿಳಿಯುತ್ತದೆ ಎಂಬ ಧೈರ್ಯ ಬಂದುಬಿಟ್ಟಿತ್ತು.

“ನಮ್ಮಲ್ಲಿ ಪತ್ರಿಕೆಗೂ ರುಖ್ಸಾ ಬೇಕು. ಪ್ರತಿ ವರ್ಷ ಹೊಸತು ಮಾಡಿಸಬೇಕು” ಎಂದು ನೀಮಾ ಒಮ್ಮೆ ಹೇಳಿದ್ದಳು.

ರುಖ್ಸಾ ಎಂದರೆ ಲೈಸೆನ್ಸು. ದುಬೈಯಲ್ಲಿ ಅದು ಅಂಗಡಿಗೂ ಬೇಕು, ಗಾಡಿಗೂ ಬೇಕು. “ಇಲ್ಲಿಯೂ ಹಾಗೇ ಅಲ್ಲವಾ” ಎಂದು ಮುಝಮ್ಮಿಲ್ ತಲೆಯಾಡಿಸಿದ್ದರು. ಅವರ ಮುಖ ನೋಡಿ ಏನೋ ಹೇಳಹೊರಟ ನೀಮಾ ಸುಲೈಮಾನಿಯ ಲೋಟ ಎತ್ತಿಕೊಂಡಳು.

ಕಳೆದ ವರ್ಷ ಮೇ ತಿಂಗಳ ಸಂಚಿಕೆ ಬಂದಾಗ ಏಳನೇ ಪುಟ ಬಿಳಿಯಾಗಿತ್ತು. ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು, ‘ದವಾ ಜಿಕೊ ವಾಪಿ?’. ಕೆಳಗೆ ಏನೇನೂ ಇಲ್ಲ. ಕಂಪ್ಯೂಟರ್ ಯಾವ ದೋಷವನ್ನೂ ತೋರಿಸಲಿಲ್ಲ. ಮುಝಮ್ಮಿಲ್ ಅದನ್ನು ನಂಬಲಿಲ್ಲ. ದವಾ ಎಂದರೆ ಔಷಧ. ಹಾಗಾದರೆ ಇದು ಔಷಧದ ಜಾಹೀರಾತು, ಚಿತ್ರ ಬರುವಾಗ ಬಿಟ್ಟುಹೋಗಿದೆ.

ನೀಮಾಳಿಗೆ ಏಳು ಸಲ ಫೋನ್ ಮಾಡಿದರು. ಸ್ವಿಚ್ ಆಫ್. ಮ್ಯಾನೇಜರ್ ರೇಮಂಡ್ ಅಬುಧಾಬಿಗೆ ಹೋಗಿದ್ದ. ಅವನಿಗೆ ಮಾಡಿದರೆ ಹಿಂದೆ ಲಾರಿಗಳ ಹಾರ್ನ್ ಸದ್ದು.

“ಎಂತ ಮುಝಮ್ಮಿಲ್ ಭಾಯ್? ಪುಟ ಖಾಲಿಯಾ? ನಿಮಗೆ ಸರಿ ಕಂಡದ್ದು ಮಾಡಿ ಮಾರಾಯ್ರೆ. ಮೂರು ಗಂಟೆಗೆ ಮೆಷಿನ್ ಓಡ್ಬೇಕು, ನಾಳೆ ಬೆಳಿಗ್ಗೆ ಕಾರ್ಗೋ ಉಂಟು. ಯಲ್ಲಾ, ಬೇಗ.”

ಮುಝಮ್ಮಿಲ್ ಹಳೆಯ ಸಂಚಿಕೆಗಳನ್ನು ತೆರೆದರು. ಜನವರಿಯದರಲ್ಲಿ ಪೂರ್ತಿ ಪುಟದ ಜಾಹೀರಾತು ಸಿಕ್ಕಿತು. ಸೂಟು ಹಾಕಿದ ದೊಡ್ಡ ಮನುಷ್ಯನೊಬ್ಬ ಔಷಧದ ಪೆಟ್ಟಿಗೆ ಹಿಡಿದು ನಗುತ್ತಿದ್ದ. ಮೇಲೆ ‘ದವಾ’ ಎಂಬ ಶಬ್ದವೂ ಇತ್ತು. ಅವರಿಗೆ ಎದೆ ಹಗುರಾಯಿತು. ಅದನ್ನೇ ಏಳನೇ ಪುಟದಲ್ಲಿ ಆ ಸಾಲಿನ ಕೆಳಗೆ ಕೂರಿಸಿ ಪ್ಲೇಟ್ ಮಾಡಿದರು. ಆರು ಸಾವಿರ ಪ್ರತಿ ಅಚ್ಚಾಗಿ ಹೋಯಿತು. ಸಂಜೆ ಮನೆಯಲ್ಲಿ ಹೆಂಡತಿ ಜುಬೈದಳಿಗೆ, “ಇವತ್ತು ನಾನು ನೋಡದೆ ಇದ್ರೆ ನೀಮಾಳ ಮಾನ ಹೋಗ್ತಿತ್ತು” ಎಂದರು.

ಮೂರನೇ ದಿನ ಊಟದ ಹೊತ್ತಿಗೆ ನೀಮಾಳ ಫೋನ್ ಬಂತು. ಸಲಾಮಿಲ್ಲ, ಕುಶಲವಿಲ್ಲ.

“ಯಾರು ಹೇಳಿದ್ದು ನಿಮಗೆ?”

“ಎಂತದ್ದು?”

“ಏಳನೇ ಪುಟ. ನಮ್ಮ ದೇಶದಿಂದ ಯಾರು ಫೋನ್ ಮಾಡಿದ್ದು? ಯಾವ ಆಫೀಸು? ಹೆಸರು ಹೇಳಿ.”

“ಯಾರೂ ಇಲ್ಲ ಮೇಡಂ. ಪುಟ ಖಾಲಿ ಇತ್ತು. ನಾನೇ ತುಂಬಿಸಿದೆ.”

ನೀಮಾ ನಕ್ಕಳು. ಅಂಥ ನಗುವನ್ನು ಮುಝಮ್ಮಿಲ್ ಅವಳಿಂದ ಕೇಳಿರಲಿಲ್ಲ. “ಅಷ್ಟು ಚಿತ್ರಗಳಿರುವಾಗ ನಿಮಗೆ ಸಿಕ್ಕಿದ್ದು ಆರೋಗ್ಯ ಮಂತ್ರಿಯ ಚಿತ್ರವೇ?”

ಅವಳು ಹೇಳುತ್ತ ಹೋದಂತೆ ಮುಝಮ್ಮಿಲರ ತಟ್ಟೆಯ ಅನ್ನ ತಣ್ಣಗಾಯಿತು. ‘ದವಾ ಜಿಕೊ ವಾಪಿ’ ಎಂದರೆ ‘ಔಷಧಗಳೆಲ್ಲಿ’. ಜುಮಾ ಎಂಬ ವರದಿಗಾರ ನಾಲ್ಕು ತಿಂಗಳು ಅಲೆದು ಜಿಲ್ಲಾ ಆಸ್ಪತ್ರೆಗಳ ಖಾಲಿ ಕಪಾಟುಗಳ ಬಗ್ಗೆ ಬರೆದಿದ್ದ. ಪತ್ರಿಕೆಗಳಿಗೆ ಲೈಸೆನ್ಸು ಕೊಡುವ ಕಚೇರಿಯವರು ಅದನ್ನು ಹಾಕಬಾರದೆಂದು ಬರೆದು ತಿಳಿಸಿದರು. ಲೈಸೆನ್ಸು ಹೊಸದಾಗಿಸುವ ತಿಂಗಳು ಅದೇ. ಹಾಕಿದರೆ ಪತ್ರಿಕೆ ಮುಚ್ಚುತ್ತದೆ; ಬಿಟ್ಟರೆ ಜುಮಾನ ಶ್ರಮ ನೀರುಪಾಲು. ಕೊನೆಗೆ ನೀಮಾ ತಲೆಬರಹ ಮಾತ್ರ ಉಳಿಸಿ ಪುಟವನ್ನು ಬಿಳಿ ಬಿಟ್ಟಿದ್ದಳು, ಬರಹವನ್ನು ತಡೆದದ್ದು ಓದುವವರಿಗೆ ಗೊತ್ತಾಗಲಿ ಎಂದು. ಮುಝಮ್ಮಿಲ್ ಫೋನ್ ಮಾಡುತ್ತಿದ್ದ ಹೊತ್ತಿಗೆ ಅವಳು ಅದೇ ಕಚೇರಿಯ ವಿಚಾರಣೆಯಲ್ಲಿ ಕೂತಿದ್ದಳು. ಫೋನನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡಿದ್ದರು.

“ಮೊದಲೇ ಒಂದು ಮಾತು ಹೇಳಬಾರದಿತ್ತಾ?” ಎಂದರು ಮುಝಮ್ಮಿಲ್.

“ಬಿಳಿ ಕಾಗದವನ್ನು ಬಿಳಿಯಾಗಿಯೇ ಬಿಡಿ ಎಂದು ಹೇಳಬೇಕಾಗುತ್ತದೆ ಅಂತ ನನಗೆ ಹೇಗೆ ಗೊತ್ತು?”

ಮರುದಿನ ರೇಮಂಡ್ ಒಳಗೆ ಕರೆದ. “ನಾನು ಸರಿ ಕಂಡದ್ದು ಮಾಡಿ ಅಂದೆ, ಹೌದು. ಆದ್ರೆ ಮಂತ್ರಿಯನ್ನು ತಂದು ಕೂರಿಸ್ತೀರಿ ಅಂತ ನನಗೆ ಕನಸು ಬಿದ್ದಿತ್ತಾ?” ಎಂದ. ಮತ್ತೆ ಅಚ್ಚು ಹಾಕಿ ಕೊಡುತ್ತೇವೆ ಎಂದು ಮೇಲ್ ಕಳಿಸಿದ. ಅರ್ಧ ಪ್ರತಿಗಳು ಆಗಲೇ ಅಂಗಡಿಗೆ ಹೋಗಿದ್ದವು; ನೀಮಾ ಬೇಡವೆಂದಳು.

ಮುಝಮ್ಮಿಲರಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ರೆಸ್ಟೋರೆಂಟಿನ ಮೆನುವಿನಲ್ಲಿ ಎರಡು ಸಾಲಿನ ನಡುವೆ ಜಾಗ ಕಂಡರೂ ಇದು ಬೇಕೆಂದೇ ಬಿಟ್ಟದ್ದೋ, ಬಿಟ್ಟುಹೋದದ್ದೋ ಎಂದು ಗಿರಾಕಿಗೆ ಫೋನ್ ಮಾಡಿ ಬೈಸಿಕೊಂಡರು.

ಜುಲೈಯಲ್ಲಿ ನೀಮಾ ಬಂದಳು. ಪ್ರೆಸ್ಸಿಗೆ ಬರಲಿಲ್ಲ, ನೈಫ್‌ನ ಚಹಾ ಅಂಗಡಿಗೆ ಕರೆದಳು. ಸೊರಗಿದ್ದಳು.

“ಲೈಸೆನ್ಸು ಬಂತು” ಎಂದಳು. “ಆ ಸಂಚಿಕೆ ಹೊರಬಂದ ಆರನೇ ದಿನಕ್ಕೆ.”

“ಅಲ್‌ಹಂದುಲಿಲ್ಲಾಹ್. ನನ್ನಿಂದಾಗಿಯಾ?”

“ಗೊತ್ತಿಲ್ಲ. ಹೇಗೂ ಕೊಡುವವರಿದ್ದರೋ ಏನೋ. ಕೇಳಲಿಕ್ಕಾಗುತ್ತದಾ? ಆಫೀಸಿನಲ್ಲಿ ಹನ್ನೊಂದು ಜನ ಇದ್ದಾರೆ, ಹನ್ನೊಂದು ಮನೆಯ ಒಲೆ ಉರಿಯುತ್ತಿದೆ. ಜುಮಾ ಮಾತ್ರ ಬಿಟ್ಟುಹೋದ. ನಾನು ಮಂತ್ರಿಗೆ ಮಾರಿಕೊಂಡೆ ಅಂತ ಊರೆಲ್ಲ ಹೇಳುತ್ತಿದ್ದಾನೆ.”

“ನಿಜ ಹೇಳಲಿಲ್ಲವಾ ಅವನಿಗೆ?”

“ದುಬೈಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ತಪ್ಪಿ ಹಾಕಿದ ಅಂತಲಾ? ನೀವಾದರೆ ನಂಬುತ್ತಿದ್ದಿರಾ?”

ಮುಝಮ್ಮಿಲ್ ಯೋಚಿಸಿದರು. ತಾನೂ ನಂಬುತ್ತಿರಲಿಲ್ಲ. ಕ್ಷಮಿಸಿ ಎನ್ನೋಣವೆಂದರೆ ಅವಳ ಪತ್ರಿಕೆ ಉಳಿದಿದೆ. ಒಳ್ಳೆಯದಾಯಿತು ಎನ್ನೋಣವೆಂದರೆ ಅವಳ ಕಣ್ಣಲ್ಲಿ ನೀರು. ಚಹಾದ ಲೋಟ ತಿರುಗಿಸುತ್ತ, “ನಾನೇ ಅವನಿಗೆ ಹೇಳ್ತೇನೆ” ಎಂದರು.

ಜುಮಾನ ನಂಬರು ಪಡೆದು, ಅಲ್ಲೇ ಕೂತು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಐದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರು. ದವಾ ಎಂಬ ಒಂದು ಶಬ್ದದಿಂದ ತಾನು ಮೋಸಹೋದದ್ದು, ಏಳು ಸಲ ಫೋನ್ ಮಾಡಿದ್ದು, ಎಲ್ಲ ಹೇಳಿದರು. ಎಂಟು ದಿನದ ಮೇಲೆ ಒಂದೇ ಸಾಲಿನ ಉತ್ತರ ಬಂತು: ಇದನ್ನು ಹೇಳಲು ನಿನಗೆ ಯಾರು ಹೇಳಿಕೊಟ್ಟರು?

ಮುಝಮ್ಮಿಲ್ ಅದನ್ನು ಜುಬೈದಳಿಗೆ ತೋರಿಸಿದರು. “ಅವನ ತಪ್ಪಲ್ಲ” ಎಂದಳು ಅವಳು. “ಯಾವಾಗಲೂ ಎಲ್ಲದರ ಹಿಂದೆ ಯಾರಾದರೂ ಇರುವ ಊರಿನಲ್ಲಿ ಬದುಕಿದವನು, ನಿಮ್ಮ ಹಿಂದೆ ಯಾರೂ ಇಲ್ಲ ಅಂದ್ರೆ ಹೇಗೆ ನಂಬುವುದು?” ಅದು ಸರಿಯೆನಿಸಿತು. ಆದರೆ ಸಮಾಧಾನವಾಗಲಿಲ್ಲ.

ಅಕ್ಟೋಬರಿನ ಸಂಚಿಕೆಯಲ್ಲಿ ಎರಡನೇ ಪುಟದ ಕೆಳಗೆ ಚೌಕದೊಳಗೆ ಒಂದು ಸಣ್ಣ ಬರಹವಿತ್ತು. ನಡುವೆ ತಮ್ಮ ಹೆಸರನ್ನು ಕಂಡು ಮುಝಮ್ಮಿಲ್ ಬೆಚ್ಚಿದರು. ಒಂದೊಂದೇ ಶಬ್ದದ ಮೇಲೆ ಬೆರಳಿಟ್ಟು ನೋಡಿದರು. ಈ ಸಲ ಒಂದನ್ನೂ ಊಹಿಸಲು ಧೈರ್ಯ ಬರಲಿಲ್ಲ. ನೀಮಾಳಿಗೆ ಫೋನ್ ಮಾಡಿದರೆ ಮೊದಲ ರಿಂಗಿಗೇ ಎತ್ತಿದಳು.

“ಮೇ ತಿಂಗಳಲ್ಲಿ ನಡೆದದ್ದನ್ನೆಲ್ಲ ಇದ್ದ ಹಾಗೆ ಬರೆದಿದ್ದೇನೆ. ಲೈಸೆನ್ಸಿನವರಿಗೂ ಇದು ತಿಳಿಯಲಿ. ನಿಮ್ಮ ಹೆಸರು ಬೇಡವಾದರೆ ತೆಗೆಯುತ್ತೇನೆ.”

“ಹಾಕಿದ್ರೆ ನಿಮಗೆ ತೊಂದರೆ ಆಗ್ತದಾ?”

“ಆಗಬಹುದು. ಆಗದೆಯೂ ಇರಬಹುದು.”

“ಜುಮಾ ಇದನ್ನು ನಂಬ್ತಾನಾ?”

“ಅದೂ ಗೊತ್ತಿಲ್ಲ.”

ಮುಝಮ್ಮಿಲ್ ಹೆಸರನ್ನು ಹಾಗೇ ಇರಲಿ ಎಂದು, ಪುಟಕ್ಕೆ ಕೈ ಹಚ್ಚದೆ ಪ್ಲೇಟಿಗೆ ಇಳಿಸಿದರು. ಒಂದು ಪ್ರತಿಯನ್ನು ಮನೆಗೆ ಒಯ್ದರು. ಜುಬೈದ ಕನ್ನಡಕ ಹಾಕಿಕೊಂಡು ಆ ಚೌಕವನ್ನು ಬಹಳ ಹೊತ್ತು ನೋಡಿದಳು.

“ಇದು ಹೊಗಳಿದ್ದಾ, ಬೈದದ್ದಾ?”

“ನನಗೂ ಗೊತ್ತಾಗ್ಲಿಲ್ಲ” ಎನ್ನುತ್ತ ಮುಝಮ್ಮಿಲ್ ಊಟಕ್ಕೆ ಕೈ ತೊಳೆಯಲು ಎದ್ದರು.