ಮಹಡಿಯ ಮೇಲಿನ ಹದಿನಾಲ್ಕು ಸಭೆಗಳು

ಹಳೆಯ ಕಟ್ಟಡಗಳ ಸಂರಕ್ಷಣೆಯ ಕ್ಷೇತ್ರದಲ್ಲಿ ಕಲ್ಲನ್ನು ಬಲ್ಲವರು ಅನೇಕರಿದ್ದಾರೆ. ಆ ಕಲ್ಲಿನ ಮೇಲೆ ನಡೆದಾಡುವವರನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯಲೊಪ್ಪದವರು, ನಾನು ಕಂಡಂತೆ, ಈಗ ನಿವೃತ್ತರಾಗುತ್ತಿರುವ ನಮ್ಮ ವಾಸ್ತುಶಿಲ್ಪಿಗಳೊಬ್ಬರೇ. ಇದನ್ನು ಹೊಗಳಿಕೆಯಾಗಿಯೇ ಬರೆಯಬೇಕೆಂದು ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ಕೋರಿದ್ದಾರೆ. ಚರ್ಚಿನ ಕಾರ್ಯದರ್ಶಿಯಾಗಿ ಎರಡು ವರ್ಷ ಅವರ ಕೈಗೆ ಸಿಕ್ಕಿ ಹಣ್ಣಾದ ನಾನು ಪ್ರಯತ್ನಿಸುತ್ತೇನೆ.

ಸಂರಕ್ಷಣಾ ಇಲಾಖೆಗೆ ಕಿರಿಯ ನಕ್ಷೆಗಾರರಾಗಿ ಸೇರಿ, ಮೂವತ್ತಾರು ವರ್ಷಗಳಲ್ಲಿ ಮುಖ್ಯ ವಾಸ್ತುಶಿಲ್ಪಿಯ ಹುದ್ದೆಗೇರಿದ ಅವರು, ನಿವೃತ್ತಿಗೆ ಮೂರು ವರ್ಷವಿದ್ದಾಗ ನಮ್ಮಲ್ಲಿಗೆ ಬಂದರು. ನಮ್ಮ ಬೇಡಿಕೆ ಸಣ್ಣದು: ಮುಂಬಾಗಿಲ ಐದು ಮೆಟ್ಟಿಲುಗಳನ್ನು ತೆಗೆದು, ಗಾಲಿಕುರ್ಚಿ ಏರುವಂತೆ ಒಂದು ಇಳಿಜಾರು ಹಾದಿ. ಹತ್ತು ದಿನದ ಕೆಲಸವೆಂದುಕೊಂಡಿದ್ದೆ. ಅವರು ಸಭೆ ಕರೆದರು. ಆ ಮೆಟ್ಟಿಲು ಕಡೆದ ಕಲ್ಲುಕುಟಿಗನ ಮೊಮ್ಮಗ, ನಮ್ಮ ಹಿರಿಯ ಸದಸ್ಯರು, "ನಮ್ಮಜ್ಜನ ಮೆಟ್ಲಿಗೆ ಕೈ ಹಾಕಿದ್ರೆ ಸುಮ್ನಿರಲ್ಲ" ಎಂದು ಎದ್ದುನಿಂತರು. ಮರುವಾರ ಮತ್ತೆ ಸಭೆ. ಯಾರಾದರೂ ಮೌನವಾಗಿದ್ದರೆ ಅದನ್ನು ಒಪ್ಪಿಗೆಯೆಂದು ಬರೆದುಕೊಳ್ಳಲೂ ಅವರು ಬಿಡುತ್ತಿರಲಿಲ್ಲ. "ಇನ್ನೊಂದ್ಸಲ ಕೇಳೋಣ" ಎಂಬುದು ಅವರ ಮಾತು. ಬೆನ್ನ ಹಿಂದೆ ನಾವು ಅವರಿಗಿಟ್ಟ ಹೆಸರೂ ಅದೇ. ನಮ್ಮ ಚರ್ಚಿನ ಪಾದ್ರಿಗಳಾದ ಸಭಾಪಾಲಕರ ತಾಳ್ಮೆಯೇ ಏಳನೆಯ ಸಭೆಗೆ ಮುಗಿದಿತ್ತೆಂದರೆ ನನ್ನ ಪಾಡು ಕೇಳಬೇಕೆ? ಹೀಗೆ ಎರಡು ವರ್ಷದಲ್ಲಿ ಹದಿನಾಲ್ಕು ಸಭೆಗಳಾದವು.

ಹದಿನೈದನೆಯದಕ್ಕೆ ನಾನು ಹಲ್ಲು ಕಡಿಯುತ್ತ ನೋಟೀಸು ಬರೆಯುತ್ತಿದ್ದಾಗ, ಹಾಜರಿ ಪುಸ್ತಕ ತಿರುವುತ್ತಿದ್ದ ಅವರು ಥಟ್ಟನೆ ಕೇಳಿದರು: "ಈ ಹಾದಿ ಯಾರಿಗೆ ಬೇಕೋ ಅವ್ರು ಒಂದ್ಸಲಾನೂ ಬಂದಿಲ್ವಲ್ಲ?"

ಬರುವುದಾದರೂ ಹೇಗೆ? ಸಭೆಗಳೆಲ್ಲ ನಡೆದದ್ದು ಮಹಡಿಯ ಹಾಲಿನಲ್ಲಿ, ಇಪ್ಪತ್ತೆರಡು ಮೆಟ್ಟಿಲುಗಳ ಮೇಲೆ. ಜಾಗ ಗೊತ್ತುಮಾಡಿದವನು ನಾನು. ಕೇಳುವುದರಲ್ಲೇ ಜೀವ ಸವೆಸಿದ ಅವರಿಗೂ ಅದು ಹೊಳೆದಿರಲಿಲ್ಲ. ನನಗೆ ನಾಚಿಕೆಯಿಂದ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಅಂದೇ ಇಬ್ಬರೂ, ಆ ಹಾದಿ ಬೇಕಿದ್ದ ಅಮ್ಮನ ಮನೆಗೆ ಹೋದೆವು. ಗಾಯಕವೃಂದದ ನಿಲುವಂಗಿಗಳನ್ನು ನಲವತ್ತು ವರ್ಷ ಹೊಲಿದುಕೊಟ್ಟ ದರ್ಜಿ ಆಕೆ. ಕಾಲುಗಳು ಸ್ವಾಧೀನ ತಪ್ಪಿದ ಮೇಲೆ, ಕುರ್ಚಿಸಮೇತ ಎತ್ತಿಸಿಕೊಳ್ಳಲು ಒಪ್ಪದೆ, ಆರು ವರ್ಷದಿಂದ ಚರ್ಚಿನ ಒಳಗನ್ನೇ ಕಂಡಿರಲಿಲ್ಲ.

"ಸತ್ಮೇಲೆ ಮುಂಬಾಗಿಲಿಂದ್ಲೇ ಎತ್ಕೊಂಡ್ ಹೋಗ್ತೀರಲ್ಲ, ಅದಕ್ಕೆ ಯಾವ ಸಭೆನೂ ಬೇಡ," ಎಂದರು. "ಬದುಕಿರೋವಾಗ ಒಂದ್ ಭಾನುವಾರ ಒಳಗೆ ಕೂರೋಕೆ ಇಷ್ಟೊಂದ್ ಜನಾನ ಕೇಳ್ಬೇಕಾ?"

ಆ ಮಾತನ್ನು ವಾಸ್ತುಶಿಲ್ಪಿಗಳು ಒಂದಕ್ಷರ ಬಿಡದೆ ಹಿರಿಯ ಸದಸ್ಯರಿಗೆ ಒಪ್ಪಿಸಿದರು. ಸದಸ್ಯರು ಹೋಗಿ ಅಜ್ಜನ ಮೆಟ್ಟಿಲುಗಳ ಎರಡೂ ಪಕ್ಕ ನೋಡಿ ಬಂದರು. ಕೊನೆಗೆ, "ಮೆಟ್ಲು ಒಡೀಬೇಡಿ. ಪಕ್ಕದಿಂದ ಹಾದಿ ತನ್ನಿ, ನಾನೇ ನಿಂತು ಮಾಡಿಸ್ತೀನಿ" ಎಂದರು. ಕೆಲಸ ಒಂಬತ್ತು ದಿನಕ್ಕೆ ಮುಗಿಯಿತು. ಒಂಬತ್ತೇ ದಿನ!

ಮೊದಲ ಭಾನುವಾರ ಗಾಲಿಕುರ್ಚಿ ತಳ್ಳಿದವರು ನಮ್ಮ ವಾಸ್ತುಶಿಲ್ಪಿಗಳೇ. ಬಾಗಿಲಲ್ಲಿ ಅಮ್ಮ ಹಿಂತಿರುಗಿ ನೋಡಿ, "ಇಷ್ಟಕ್ಕೆ ಎರಡು ವರ್ಷ ಬೇಕಿತ್ತೇನಪ್ಪಾ?" ಎಂದು ಕೇಳಿದರು.

"ಇಲ್ಲಮ್ಮ," ಎಂದರು ಅವರು, ನಮ್ಮೆಲ್ಲರೆದುರು. "ಮೊದ್ಲು ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು."

ಅಷ್ಟು ದೊಡ್ಡ ಹುದ್ದೆಯವರ ಬಾಯಲ್ಲಿ ಅಷ್ಟು ಸಣ್ಣ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಅವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ, ಮುಚ್ಚಿದ ಬಾಗಿಲುಗಳಿರುವ ಕಡೆಗೆಲ್ಲ ಅವರಿಗೆ ಕರೆ ಬರುತ್ತಿರಲಿ. ಈ ಹಾರೈಕೆಗೆ ನಾನು ಯಾರ ಒಪ್ಪಿಗೆಯನ್ನೂ ಕೇಳಿಲ್ಲ.